ಮಿತವ್ಯಯವೇ, ಬಡತನವೇ? – ಲ್ಯಾಪ್‌ಟಾಪಿನ ವೇಗವನ್ನು ಕುರಿತು ಒಂದು ವಿಮರ್ಶೆ

ಕೃತಿಯೊಂದನ್ನು ವಿಮರ್ಶಿಸುವವನು ಅದರ ಬೆನ್ನುಡಿಯನ್ನು ನೆಚ್ಚಿ ತೀರ್ಪು ಕೊಡಬಾರದೆಂಬುದು ವಿಮರ್ಶೆಯ ಮೊದಲ ಪಾಠ. ಕವನಸಂಕಲನದ ವಿಚಾರದಲ್ಲಿ ನಾವೆಲ್ಲರೂ ಒಪ್ಪುವ ಈ ಮಾತು ಯಂತ್ರದ ವಿಚಾರ ಬಂದಾಗ ಮರೆತುಹೋಗುತ್ತದೆ. ನೂರು ರೂಪಾಯಿಯ ಪುಸ್ತಕವನ್ನು ಹತ್ತು ಸಲ ತಿರುವಿ ನೋಡುವ ಗೃಹಸ್ಥರು, ನಲವತ್ತು ಸಾವಿರದ ಲ್ಯಾಪ್‌ಟಾಪನ್ನು ಅದರ ಮೈಮೇಲೆ ಅಂಟಿಸಿರುವ ಹೆಬ್ಬೆರಳಗಲದ ಬಣ್ಣದ ಚೀಟಿ ನೋಡಿ ಕೊಂಡುಬಿಡುತ್ತಾರೆ. ಆ ಚೀಟಿಯೇ ಯಂತ್ರದ ಬೆನ್ನುಡಿ. ಅದರಲ್ಲಿ ಬರೆದಿರುವುದು ಪ್ರೊಸೆಸರಿನ ಹೆಸರು. ಉಳಿದ ಅಂಗಾಂಗಗಳ ಸುದ್ದಿಯೇ ಇಲ್ಲ.

ಮಣಿನಗರದ ನಮ್ಮ ಕನ್ನಡಿಗರ ಬಳಗದಲ್ಲಿ ಮೇ-ಜೂನ್ ತಿಂಗಳು ಬಂತೆಂದರೆ, ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳ ತಂದೆತಾಯಿಗಳು ಕೇಳುವ ಪ್ರಶ್ನೆ ಒಂದೇ: "ಈ ಕಡಿಮೆ ಕರೆಂಟಿನ ಪ್ರೊಸೆಸರ್ ದಿನನಿತ್ಯದ ಕೆಲಸಕ್ಕೆ ಸಾಕೇ? ಇಲ್ಲಾ, ಸಾಲ ಮಾಡಿಯಾದರೂ ದೊಡ್ಡದನ್ನೇ ಕೊಡಿಸಬೇಕೇ?" ರಿಲೀಫ್ ರೋಡಿನ ಅಂಗಡಿಗಳಲ್ಲಿ ಇದಕ್ಕೆ ಸಿದ್ಧ ಉತ್ತರವುಂಟು: "ಸಸ್ತಾ ರೋಯೇ ಬಾರ್ ಬಾರ್, ಮಹೆಂಗಾ ರೋಯೇ ಏಕ್ ಬಾರ್." ಅಗ್ಗದ್ದನ್ನು ಕೊಂಡವನು ಮತ್ತೆ ಮತ್ತೆ ಅಳುತ್ತಾನೆ, ದುಬಾರಿಯದನ್ನು ಕೊಂಡವನು ಒಂದೇ ಸಲ ಅಳುತ್ತಾನೆ ಎಂದು ತಾತ್ಪರ್ಯ. ಅಂತೂ ಗಿರಾಕಿ ಅಳುವುದು ಖಂಡಿತ. ಎಷ್ಟು ಸಲ ಎಂಬುದಷ್ಟೇ ಚರ್ಚೆ!

ಈ ಪ್ರಶ್ನೆಯನ್ನು ಕೊಂಚ ಸಾವಧಾನವಾಗಿ ಪರಿಶೀಲಿಸುವುದು ಅಗತ್ಯವೆಂದು ನಮಗೆ ತೋರಿತು. ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತ ಸರಿಸುವ ನಮಗೆ ಇದರಲ್ಲಿ ಪಾಂಡಿತ್ಯವೇನೂ ಇಲ್ಲ. ಬಿ.ಎಸ್‌ಸಿ.ಯಲ್ಲಿ ಓದಿದ ಭೌತಶಾಸ್ತ್ರ ಒಂದಿಷ್ಟು, ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸಿದ ಅನುಭವ ಒಂದಿಷ್ಟು. ಈ ವಿಮರ್ಶೆಗೆ ಅವೆರಡೇ ಬಂಡವಾಳ.

ಮೊದಲು 'ದಿನನಿತ್ಯದ ಕೆಲಸ' ಎಂದರೇನೆಂದು ನಿಶ್ಚಯಿಸಿಕೊಳ್ಳೋಣ. ನಮ್ಮಂಥವರ ಮನೆಯಲ್ಲಿ ಅದು ಹೀಗಿರುತ್ತದೆ: ಪತ್ರ, ಅರ್ಜಿ, ಲೆಕ್ಕದ ತಖ್ತೆ, ಬ್ಯಾಂಕು, ರೈಲು ಟಿಕೆಟ್ಟು, ಆದಾಯ ತೆರಿಗೆ, ಮಕ್ಕಳ ಪಾಠದ ಪುಟಗಳು, ಧಾರವಾಡದಲ್ಲಿರುವ ಅಜ್ಜಿಯೊಡನೆ ಮುಖ ನೋಡುತ್ತಾ ಮಾತು, ರಾತ್ರಿ ಊಟವಾದ ಮೇಲೆ ಒಂದು ಯಕ್ಷಗಾನ, ಮತ್ತು ಈ ಪತ್ರಿಕೆಗೆ ಕನ್ನಡದಲ್ಲಿ ನಾಲ್ಕು ಪುಟ ಬೆರಳಚ್ಚು. ಕಚೇರಿಯ ಕಡತಗಳೂ ಈಗ ಬಹುಮಟ್ಟಿಗೆ ಬ್ರೌಸರಿನಲ್ಲೇ ಸಾಗುತ್ತವೆ. ಇದಿಷ್ಟಕ್ಕೆ ಎಷ್ಟು ವೇಗ ಬೇಕು?

ಬೆರಳಚ್ಚನ್ನೇ ತೆಗೆದುಕೊಳ್ಳಿ. ಚುರುಕಾದ ಬೆರಳಚ್ಚುಗಾರರು ಸೆಕೆಂಡಿಗೆ ಐದು ಕೀಲಿ ಒತ್ತುತ್ತಾರೆ. ಒಂದು ಗಿಗಾಹರ್ಟ್ಸ್ ವೇಗದ ಪ್ರೊಸೆಸರ್ ಸೆಕೆಂಡಿಗೆ ನೂರು ಕೋಟಿ ಸಲ ಮಿಡಿಯುತ್ತದೆ. ಎಂದರೆ ಒಂದು ಕೀಲಿ ಒತ್ತಿ ಇನ್ನೊಂದು ಒತ್ತುವಷ್ಟರಲ್ಲಿ ಅದಕ್ಕೆ ಇಪ್ಪತ್ತು ಕೋಟಿ ಮಿಡಿತಗಳ ಬಿಡುವು. ಒತ್ತಕ್ಷರ ಕೂಡಿಸುವ ಕನ್ನಡಕ್ಕೆ ಹೆಚ್ಚು ಶಕ್ತಿ ಬೇಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಯೂನಿಕೋಡಿನ ಬಳಕೆಯಲ್ಲಿರುವ ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕೆಂಬುದು ನಿಜ. ಪುಟಕ್ಕೆ ಎರಡು ಸಾವಿರ ಸಂಕೇತವೆಂದರೆ ಆರು ಸಾವಿರ ಬೈಟ್; ನಲವತ್ತು ಪುಟದ ಒಂದು ಸಂಚಿಕೆಯ ಪಠ್ಯವೆಲ್ಲ ಸೇರಿ ಎರಡೂವರೆ ಲಕ್ಷ ಬೈಟ್ ಕೂಡ ಆಗದು. ಮೊಬೈಲಿನಲ್ಲಿ ತೆಗೆದ ಒಂದು ಸಾಧಾರಣ ಫೋಟೋ ಇದರ ಹತ್ತು ಪಟ್ಟು ಇರುತ್ತದೆ. 'ಬರಹ' ತಂತ್ರಾಂಶ ಮೊದಲು ಬಂದದ್ದು 1998ರಲ್ಲಿ. ಅಂದಿನ ಮನೆಗಣಕಗಳ ಪ್ರೊಸೆಸರ್ ಕೆಲವೇ ನೂರು ಮೆಗಾಹರ್ಟ್ಸ್, ಮೆಮೊರಿ ಕೆಲವೇ ಹತ್ತು ಮೆಗಾಬೈಟ್. ಅದರಲ್ಲೇ ನಾಡಿನ ಎಷ್ಟೋ ಲೇಖಕರು ಕಾದಂಬರಿ ಬರೆದು ಮುಗಿಸಿದರು. ಆದಕಾರಣ ಕನ್ನಡದ ಹೆಸರಿನಲ್ಲಿ ದೊಡ್ಡ ಪ್ರೊಸೆಸರ್ ಮಾರುವವರ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಇನ್ನು ವಿದ್ಯುತ್ತಿನ ಮಾತು. ಕಡಿಮೆ ವಿದ್ಯುತ್ ಎಂದರೆ ಕಡಿಮೆ ವೇಗ ಎಂದು ಜನ ನಂಬಿದ್ದಾರೆ. ಇದರಲ್ಲಿ ಅರ್ಧ ಸತ್ಯವುಂಟು. ಪ್ರೊಸೆಸರ್ ಕೆಲಸ ಮಾಡುವಾಗ ನುಂಗುವ ಶಕ್ತಿ ಅದರ ಮಿಡಿತದ ವೇಗಕ್ಕೂ, ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿರುತ್ತದೆ. ವೇಗ ಹೆಚ್ಚಿಸಬೇಕಾದರೆ ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ವೇಗ ಇಳಿಸಿದರೆ ವೋಲ್ಟೇಜನ್ನೂ ಇಳಿಸಬಹುದು. ಎರಡನ್ನೂ ನೂರಕ್ಕೆ ಇಪ್ಪತ್ತರಷ್ಟು ಇಳಿಸಿದರೆ ಏನಾಗುತ್ತದೆ? 0.8ನ್ನು ಮೂರು ಸಲ ಗುಣಿಸಿ ನೋಡಿ, ಉತ್ತರ 0.512. ಅಂದರೆ ವೇಗದಲ್ಲಿ ಐದನೇ ಒಂದು ಪಾಲು ಬಿಟ್ಟುಕೊಟ್ಟರೆ ವಿದ್ಯುತ್ತಿನಲ್ಲಿ ಸರಿಸುಮಾರು ಅರ್ಧ ಉಳಿತಾಯ! ವಾಸ್ತವದಲ್ಲಿ ವೋಲ್ಟೇಜನ್ನು ಮನಸ್ಸಿಗೆ ಬಂದಷ್ಟು ಇಳಿಸಲಾಗದು, ಲೆಕ್ಕ ಇಷ್ಟು ನೇರವಾಗಿಯೂ ಇರದು. ಆದರೂ ತತ್ತ್ವ ಇದೇ. ವೇಗದ ಕೊನೆಯ ಮೆಟ್ಟಿಲುಗಳೇ ಎಲ್ಲಕ್ಕಿಂತ ದುಬಾರಿ. ಅವನ್ನು ಹತ್ತದೆ ಇರುವವನನ್ನು ಮಿತವ್ಯಯಿ ಎನ್ನಬೇಕೇ ಹೊರತು ದುರ್ಬಲ ಎನ್ನಲಾಗದು.

ಇದಕ್ಕೆ ನಮ್ಮ ನಾಡಿನದೇ ಒಂದು ಹಳೆಯ ನಿದರ್ಶನವಿದೆ. ಅದೇ ಸಿಂಪ್ಯೂಟರ್. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಲ್ಪನೆಯಿದು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಎಂಬ ತಂತ್ರಾಂಶ ಸಂಸ್ಥೆಯವರ ಜೊತೆಗೂಡಿ ಬಡವರ ಕೈಗೆ ಎಟುಕುವ ಗಣಕವನ್ನು ರೂಪಿಸಹೊರಟರು. ಅಂಗೈಯಲ್ಲಿ ಹಿಡಿಯುವ ಆ ಯಂತ್ರದ ಎದೆಯಲ್ಲಿದ್ದುದು ಸ್ಟ್ರಾಂಗ್‌ಆರ್ಮ್ ಎಂಬ ಪ್ರೊಸೆಸರ್. ವೇಗ 206 ಮೆಗಾಹರ್ಟ್ಸ್, ನುಂಗುತ್ತಿದ್ದುದು ಅರ್ಧ ವಾಟಿಗೂ ಕಡಿಮೆ. ಅಷ್ಟರಲ್ಲೇ ಅದು ಲಿನಕ್ಸ್ ನಡೆಸಿತು. ಅದಕ್ಕಾಗಿ ರೂಪಿಸಿದ 'ಧ್ವನಿ' ಎಂಬ ತಂತ್ರಾಂಶ ಕನ್ನಡವನ್ನೂ ಹಿಂದಿಯನ್ನೂ ಗಟ್ಟಿಯಾಗಿ ಓದಿ ಹೇಳಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಮೂಲಕ 'ಅಮಿಡಾ' ಎಂಬ ಹೆಸರಿನಿಂದ ಅದು ಮಾರುಕಟ್ಟೆಗೂ ಬಂತು. ಜನ ಮುಗಿಬಿದ್ದು ಕೊಳ್ಳಲಿಲ್ಲ ಎಂಬುದು ದುಃಖದ ಸಂಗತಿ. ನಮ್ಮ ಅಭಿಪ್ರಾಯದಲ್ಲಿ ಅದು ಸೋತದ್ದು ಪ್ರೊಸೆಸರಿನ ನಿಧಾನದಿಂದಲ್ಲ. ಅದರಲ್ಲಿ ಮಾಡಬಹುದಾದ ಕೆಲಸಗಳು ಹಳ್ಳಿಗಳಲ್ಲಿ ಇನ್ನೂ ಸಿದ್ಧವಾಗಿರಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಮನೆಮನೆಗೂ ನುಗ್ಗಿತು. ಆ ಮೊಬೈಲಿನ ಪ್ರೊಸೆಸರೂ ಇದೇ ಆರ್ಮ್ ಕುಟುಂಬದ ಸಂತಾನವೇ ಎಂಬುದನ್ನು ಗಮನಿಸಬೇಕು. ಗೆದ್ದದ್ದೂ ಮಿತವ್ಯಯವೇ, ಬೇರೆ ವೇಷದಲ್ಲಿ.

ಹಾಗಾದರೆ ಕಡಿಮೆ ವಿದ್ಯುತ್ತಿನ ಲ್ಯಾಪ್‌ಟಾಪಿಗೆ ಕೆಟ್ಟ ಹೆಸರು ಬಂದದ್ದೆಲ್ಲಿಂದ? 2008ರ ನೆಟ್‌ಬುಕ್‌ಗಳಿಂದ. ಇಂಟೆಲ್ ಕಂಪನಿಯ ಆಟಂ ಎನ್270 ಎಂಬ ಪ್ರೊಸೆಸರ್ ಅವುಗಳಲ್ಲಿತ್ತು. ಎರಡೂವರೆ ವಾಟ್, 1.6 ಗಿಗಾಹರ್ಟ್ಸ್, ಒಂದೇ ಕೋರ್. ಅದರ ದೊಡ್ಡ ದೋಷವೆಂದರೆ ಆದೇಶಗಳನ್ನು ಬಂದ ಸಾಲಿನಲ್ಲೇ ವಿಲೇವಾರಿ ಮಾಡುವ ಹಟ. ಒಂದು ಕಡತ ಮೇಲಧಿಕಾರಿಯಿಂದ ವಾಪಸು ಬರುವ ತನಕ ಮುಂದಿನ ಕಡತವನ್ನು ಮುಟ್ಟೆನೆಂದು ಕೈಕಟ್ಟಿ ಕುಳಿತ ಗುಮಾಸ್ತನಂತೆ! ದೊಡ್ಡ ಪ್ರೊಸೆಸರ್‌ಗಳು ಆಗಲೇ ಸಾಲು ತಪ್ಪಿಸಿ, ಸಿದ್ಧವಿದ್ದ ಕೆಲಸವನ್ನು ಮೊದಲು ಮುಗಿಸುವ ಜಾಣತನ ಕಲಿತಿದ್ದವು. ಆಟಂ ವಂಶಕ್ಕೆ ಆ ಜಾಣತನ ಬಂದದ್ದು 2013ರಲ್ಲಿ.

ಆದರೆ ನೆಟ್‌ಬುಕ್ಕಿನ ನಿಧಾನಕ್ಕೆ ಆಟಂ ಒಂದೇ ಕಾರಣವೇ? ಇಲ್ಲ. ಆ ಅಗ್ಗದ ಯಂತ್ರಗಳಿಗೆ ಕಡಿಮೆ ದರದಲ್ಲಿ ವಿಂಡೋಸ್ ಎಕ್ಸ್‌ಪಿ ಪರವಾನಗಿ ಸಿಗಬೇಕಾದರೆ ಮೆಮೊರಿ ಒಂದು ಗಿಗಾಬೈಟ್ ಮೀರಬಾರದೆಂಬ ಷರತ್ತಿತ್ತು. ಕೈಕಟ್ಟಿ ಕೂರುವ ಗುಮಾಸ್ತನಿಗೆ ಮೊಣಕಾಲಗಲದ ಮೇಜನ್ನು ಕೊಟ್ಟು, ಅದಕ್ಕಿಂತ ದೊಡ್ಡದು ಕೊಡಕೂಡದೆಂದು ಸುತ್ತೋಲೆಯನ್ನೂ ಹೊರಡಿಸಿದಂತಾಯಿತು. ನಮ್ಮ ವಾದದ ಮುಖ್ಯ ಅಂಶ ಇಲ್ಲಿದೆ. ಮಿತವ್ಯಯ ಬೇರೆ, ಬಡತನ ಬೇರೆ. ಪ್ರೊಸೆಸರ್ ಕಡಿಮೆ ವಿದ್ಯುತ್ ಬಳಸುವುದು ಮಿತವ್ಯಯ. ಅದರ ಸುತ್ತ ಮೆಮೊರಿಯನ್ನೂ ಸಂಗ್ರಹವನ್ನೂ ಕತ್ತರಿಸಿ ಬೆಲೆ ಇಳಿಸುವುದು ಬಡತನ. ಮಾರುಕಟ್ಟೆ ಇವೆರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರುತ್ತದೆ. ನಾವು ಬಡತನದ ತಪ್ಪನ್ನು ಮಿತವ್ಯಯದ ತಲೆಗೆ ಕಟ್ಟುತ್ತೇವೆ.

ಸಂಗ್ರಹದ ಲೆಕ್ಕವನ್ನೂ ನೋಡಿಬಿಡೋಣ. ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಸೂಜಿ ಸರಿಯುವ ಹೊತ್ತೂ ಸೇರಿ ಸೆಕೆಂಡಿನ ಸಾವಿರದಲ್ಲಿ ಹದಿನೈದು ಪಾಲು ಎನ್ನಿ. ಕೇಳಲು ಅಲ್ಪ. ಆದರೆ ನೂರು ಕೋಟಿ ಮಿಡಿತದ ಬಡ ಪ್ರೊಸೆಸರಿಗೂ ಅದು ಒಂದೂವರೆ ಕೋಟಿ ಮಿಡಿತಗಳ ಕಾಯುವಿಕೆ. ಮೇಜು ಚಿಕ್ಕದಾದಷ್ಟೂ, ಎಂದರೆ ಮೆಮೊರಿ ಕಡಿಮೆಯಾದಷ್ಟೂ, ಕಡತಗಳನ್ನು ಮತ್ತೆ ಮತ್ತೆ ರೆಕಾರ್ಡ್ ರೂಮಿಗೆ ಕಳಿಸಿ ತರಿಸಬೇಕು. ಗುಮಾಸ್ತ ಎಷ್ಟು ಚುರುಕಾದರೇನು? ಜವಾನ ಮೂರು ಮಹಡಿ ಹತ್ತಿ ಇಳಿದು ಬರುವವರೆಗೆ ಅವನು ಕಿಟಕಿ ನೋಡುತ್ತಾ ಕೂರಬೇಕಷ್ಟೆ. ಎಸ್‌ಎಸ್‌ಡಿ ಎಂಬ ಸಂಗ್ರಹದಲ್ಲಿ ತಿರುಗುವ ತಟ್ಟೆಯಿಲ್ಲ, ಸೂಜಿಯಿಲ್ಲ. ರೆಕಾರ್ಡ್ ರೂಮು ಮೇಜಿನ ಪಕ್ಕಕ್ಕೇ ಬಂದಂತೆ. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಇರುವ ಇಎಂಎಂಸಿ ಎಂಬುದು ಇವೆರಡರ ನಡುವಿನ ಜಾತಿ. ತಟ್ಟೆಗಿಂತ ಮೇಲು, ಆದರೆ ಎಸ್‌ಎಸ್‌ಡಿಗಿಂತ ಬಹಳ ನಿಧಾನ, ಸಾಮಾನ್ಯವಾಗಿ 64 ಗಿಗಾಬೈಟಿನಷ್ಟು ಸಣ್ಣದು, ಫಲಕಕ್ಕೆ ಬೆಸೆದಿರುವುದರಿಂದ ಬದಲಿಸಲೂ ಬಾರದು.

2020ರ ಲಾಕ್‌ಡೌನಿನಲ್ಲಿ ನಮ್ಮ ಪರಿಚಯದ ಒಂದು ಕುಟುಂಬದವರು ಮಗಳ ಆನ್‌ಲೈನ್ ತರಗತಿಗೆಂದು ತರಾತುರಿಯಲ್ಲಿ ಇಂಥದೇ ಒಂದು ಲ್ಯಾಪ್‌ಟಾಪ್ ಕೊಂಡರು. ಆರು ವಾಟಿನ ಸೆಲೆರಾನ್ ಪ್ರೊಸೆಸರ್, 4 ಗಿಗಾಬೈಟ್ ಮೆಮೊರಿ, 64 ಗಿಗಾಬೈಟಿನ ಇಎಂಎಂಸಿ. ಮೊದಲ ತಿಂಗಳು ಚೆನ್ನಾಗಿತ್ತು. ಆಮೇಲೆ ವಿಂಡೋಸ್ ತನ್ನ ನವೀಕರಣಗಳನ್ನು ತಂದು ತುಂಬಿಸುತ್ತಾ ಹೋಗಿ, ಸಂಗ್ರಹದಲ್ಲಿ ಕಾಲಿಡಲೂ ಜಾಗವಿಲ್ಲದಾಯಿತು. ಹುಡುಗಿ ಗಣಿತದ ತರಗತಿಗೆ ಸೇರುವಷ್ಟರಲ್ಲಿ ಹಾಜರಿ ಮುಗಿದಿರುತ್ತಿತ್ತು. "ಕಡಿಮೆ ಪವರಿನ ಪ್ರೊಸೆಸರ್ ಕೊಂಡು ಕೆಟ್ಟೆವು" ಎಂದು ತಂದೆಯವರು ಇಂದಿಗೂ ಹೇಳುತ್ತಾರೆ. ಪರೀಕ್ಷಿಸಿ ನೋಡಿದಾಗ ಕಂಡದ್ದೇ ಬೇರೆ: ಪ್ರೊಸೆಸರ್ ಮುಕ್ಕಾಲು ಹೊತ್ತು ಸುಮ್ಮನೆ ಕುಳಿತಿತ್ತು, ಸಂಗ್ರಹ ಮಾತ್ರ ನೂರಕ್ಕೆ ನೂರು ಏದುಸಿರು ಬಿಡುತ್ತಿತ್ತು. ಅದೇ ಬೀದಿಯ ಇನ್ನೊಂದು ಮನೆಯಲ್ಲಿ 2013ರ ಲ್ಯಾಪ್‌ಟಾಪೊಂದರ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಮೆಮೊರಿಯನ್ನು 8 ಗಿಗಾಬೈಟಿಗೆ ಏರಿಸಿದರು. ಪ್ರೊಸೆಸರ್ ಅದೇ ಮುದುಕ. ಆದರೂ ಆ ಯಂತ್ರ ಡಿಗ್ರಿ ಮುಗಿಸುವವರೆಗೆ ಹುಡುಗನನ್ನು ಕಾಪಾಡಿತು.

ಈಗ ಇಂದಿನ ಪ್ರೊಸೆಸರ್‌ಗಳಿಗೆ ಬರೋಣ. 2023ರ ಆರಂಭದಲ್ಲಿ ಇಂಟೆಲ್ ಹೊರತಂದ ಎನ್100 ಆರು ವಾಟಿನದು. ನಾಲ್ಕು ಕೋರ್, ಗರಿಷ್ಠ 3.4 ಗಿಗಾಹರ್ಟ್ಸ್. ಇದರಲ್ಲಿರುವುದು ಗ್ರೇಸ್‌ಮಾಂಟ್ ಎಂಬ ಪುಟ್ಟ ಕೋರ್. ಆ ಕೋರ್ 2015ರ ಸ್ಕೈಲೇಕ್ ಕೋರಿಗೆ ಸಾಟಿಯೆಂದು ಕಂಪನಿಯ ಹೇಳಿಕೆ. ಕಂಪನಿಯ ಮಾತನ್ನು ನಾಲ್ಕಾಣೆ ತಳ್ಳಿಯೇ ಕೇಳೋಣ. ಆದರೂ ಒಂದು ಮಾತು ನಿಲ್ಲುತ್ತದೆ: ಸ್ಕೈಲೇಕ್ ಕೋರುಗಳಿದ್ದ 65 ವಾಟಿನ ಐ-5 ಮೇಜುಗಣಕಗಳಲ್ಲಿ ಎಷ್ಟೋ ಕಚೇರಿಗಳು ವರ್ಷಾನುಗಟ್ಟಲೆ ಕೆಲಸ ನಡೆಸಿವೆ. ಒಂದು ಹೊತ್ತಿಗೆ ಒಂದೆರಡು ಕೆಲಸ ಮಾಡುವ ನಮ್ಮಂಥವರಿಗೆ ಅಂದು ಸಾಕಾಗಿದ್ದುದು ಇಂದು ಹತ್ತನೇ ಒಂದು ಪಾಲು ವಿದ್ಯುತ್ತಿನಲ್ಲಿ ಸಿಕ್ಕರೆ ಸಾಲದು ಎನ್ನುವುದು ಹೇಗೆ? ಯಕ್ಷಗಾನದ ಚಿಂತೆಯೂ ಬೇಡ. ವಿಡಿಯೋ ಬಿಡಿಸುವ ಕೆಲಸಕ್ಕೆ ಈ ಪ್ರೊಸೆಸರ್‌ಗಳಲ್ಲಿ ಪ್ರತ್ಯೇಕ ಮಂಡಲವೇ ಇದೆ. ಕೋರುಗಳಿಗೆ ಅದರ ಹೊರೆ ತಟ್ಟುವುದೇ ಇಲ್ಲ. ಯೂಟ್ಯೂಬ್ ಈಗ ಹೆಚ್ಚು ಹೆಚ್ಚಾಗಿ ಬಳಸುವ ಎವಿ1 ಎಂಬ ವಿಡಿಯೋ ರೂಪವನ್ನು ಎನ್100 ಹೀಗೆ ಬಿಡಿಸಬಲ್ಲದು. 2019ರ ಎನ್4020 ಸೆಲೆರಾನಿಗೆ ಆ ಮಂಡಲವಿಲ್ಲ. ಒಂದೇ ಆರು ವಾಟಿನ ಎರಡು ಪ್ರೊಸೆಸರ್‌ಗಳ ನಡುವೆ ಇಷ್ಟು ಅಂತರವಿರುವಾಗ, ವಾಟ್ ಸಂಖ್ಯೆಯೊಂದರಿಂದಲೇ ಯೋಗ್ಯತೆ ಅಳೆಯುವುದು ಅವಿವೇಕ.

ಹೆಸರುಗಳೂ ಮೋಸ ಮಾಡುತ್ತವೆ. 2023ರ ಲ್ಯಾಪ್‌ಟಾಪುಗಳಿಂದ ಇಂಟೆಲ್ ಕಂಪನಿಯು ಸೆಲೆರಾನ್, ಪೆಂಟಿಯಂ ಎಂಬ ಹೆಸರುಗಳನ್ನು ಕೈಬಿಟ್ಟು ಬರೀ 'ಇಂಟೆಲ್ ಪ್ರೊಸೆಸರ್' ಎಂದು ಕರೆಯತೊಡಗಿತು. ಕೆಟ್ಟ ಹೆಸರು ಬಂದವನು ಊರು ಬಿಟ್ಟು ಹೆಸರು ಬದಲಿಸಿಕೊಂಡಂತೆ. ಅದೇ ಪುಟ್ಟ ಕೋರುಗಳ ಎಂಟನ್ನು ಸೇರಿಸಿ ಕೋರ್ ಐ-3 ಎನ್305 ಎಂದಾಗ ಅದಕ್ಕೆ ಐ-3 ಎಂಬ ಕುಲನಾಮವೂ ಸಿಕ್ಕಿತು. ಎಎಂಡಿಯವರ ರೈಜನ್ 3 7320ಯು 2022ರಲ್ಲಿ ಬಂದದ್ದಾದರೂ ಅದರ ಕೋರು 2019ರ ಜೆನ್ 2 ವಿನ್ಯಾಸದ್ದು. ಆ ಸಂಖ್ಯೆಯ ಮೂರನೆಯ ಅಂಕಿ ನೋಡಬಲ್ಲವರಿಗೆ ಮಾತ್ರ ಗುಟ್ಟು ತಿಳಿಯುತ್ತದೆ. ಅಂಗಡಿಯಲ್ಲಿ ನಿಂತ ಶಾಲಾ ಮಾಸ್ತರರಿಗೆ ಇದು ಗೊತ್ತಾಗಬೇಕೆಂದು ನಿರೀಕ್ಷಿಸುವುದು ಅನ್ಯಾಯ.

ಮಿತವ್ಯಯ ಬಡತನವಲ್ಲ ಎಂಬುದಕ್ಕೆ ಇನ್ನೊಂದು ತುದಿಯ ಸಾಕ್ಷ್ಯವೂ ಉಂಟು. 2020ರ ನವೆಂಬರಿನಲ್ಲಿ ಆಪಲ್ ಕಂಪನಿ ಎಂ1 ಪ್ರೊಸೆಸರಿನ ಮ್ಯಾಕ್‌ಬುಕ್ ಏರ್ ತಂದಿತು. ಆರ್ಮ್ ಕುಟುಂಬದ್ದೇ. ಒಳಗೆ ಫ್ಯಾನು ಕೂಡ ಇಲ್ಲ. ಆದರೂ ಗಿರಗಿರನೆ ಫ್ಯಾನು ತಿರುಗಿಸುತ್ತಿದ್ದ ಎಷ್ಟೋ ದೊಡ್ಡ ಯಂತ್ರಗಳನ್ನು ಹಿಂದಿಕ್ಕಿತು. ಬೆಲೆ 92,900 ರೂಪಾಯಿಯಿಂದ ಆರಂಭ. ಕಡಿಮೆ ವಿದ್ಯುತ್ತಿಗೂ ಕಡಿಮೆ ಬೆಲೆಗೂ ನಂಟಿಲ್ಲವೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಬೇಕೇ? ಈ ಕಡೆ 2023ರ ಜಿಯೋಬುಕ್ 16,499 ರೂಪಾಯಿಗೆ ಬಂತು. ತೂಕ ಒಂದು ಕಿಲೋಗೂ ಕಡಿಮೆ, ಪ್ರೊಸೆಸರಿನಲ್ಲಿ ಎಂಟು ಕೋರು. ಓದಿ ಬರೆಯುವ ಹುಡುಗನಿಗೆ ಆ ಎಂಟು ಕೋರು ಸಾಕು. ಆದರೆ ಜೊತೆಗಿದ್ದ 4 ಗಿಗಾಬೈಟ್ ಮೆಮೊರಿ, 64 ಗಿಗಾಬೈಟ್ ಇಎಂಎಂಸಿ ಎಷ್ಟು ವರ್ಷ ಸಾಕು ಎಂಬುದೇ ಕೇಳಬೇಕಾದ ಪ್ರಶ್ನೆ. ಕರ್ನಾಟಕ ಸರಕಾರವೂ 2025ರ ನವೆಂಬರಿನಲ್ಲಿ ಬೆಂಗಳೂರು ತಂತ್ರಜ್ಞಾನ ಶೃಂಗಸಭೆಯಲ್ಲಿ ರಿಸ್ಕ್-ಫೈವ್ ಪ್ರೊಸೆಸರಿನ 'ಕಿಯೋ' ಎಂಬ ಪುಟ್ಟ ಗಣಕವನ್ನು 18,999 ರೂಪಾಯಿಗೆ ಪ್ರಕಟಿಸಿತು. ಪ್ರಯತ್ನ ಸ್ತುತ್ಯ. ಅದನ್ನು ಅಳೆಯುವಾಗಲೂ ಪ್ರೊಸೆಸರ್ ಸ್ವದೇಶಿಯೋ ವಿದೇಶಿಯೋ ಎಂಬ ಚರ್ಚೆಯಲ್ಲೇ ನಿಲ್ಲದೆ, ಸುತ್ತಲಿನ ಅಂಗಗಳು ಹೊಟ್ಟೆ ತುಂಬ ಉಂಡಿವೆಯೇ ಎಂದು ನೋಡತಕ್ಕದ್ದು.

ಇಷ್ಟು ಹೇಳಿದ ಮಾತ್ರಕ್ಕೆ ಆರು ವಾಟಿನ ಪ್ರೊಸೆಸರ್ ಎಲ್ಲರಿಗೂ ಸಾಕೆಂದು ನಾವು ಸಾರುತ್ತಿಲ್ಲ. ಎಂಜಿನಿಯರಿಂಗ್ ಓದುವ ಮಕ್ಕಳು ಕಟ್ಟಡದ, ಯಂತ್ರಭಾಗದ ಮೂರು ಆಯಾಮದ ಚಿತ್ರ ರಚಿಸಬೇಕಾದರೆ ಅದು ತಡವರಿಸುತ್ತದೆ. ರಾಜ್ಯೋತ್ಸವದ ಮೂರು ಗಂಟೆಯ ವಿಡಿಯೋವನ್ನು ಕತ್ತರಿಸಿ ಜೋಡಿಸುವವರಿಗೆ, ಲಕ್ಷ ಸಾಲಿನ ತಖ್ತೆ ಲೆಕ್ಕ ಹಾಕುವವರಿಗೆ, ಹೊಸ ಆಟಗಳ ಹುಚ್ಚಿರುವವರಿಗೆ ಅದು ತಕ್ಕುದಲ್ಲ. ಎನ್100 ಪ್ರೊಸೆಸರಿಗೆ ಮೆಮೊರಿಯ ದಾರಿಯೂ ಒಂದೇ; ಏಕಕಾಲದಲ್ಲಿ ಹಲವು ಕೆಲಸ ಹೇರಿದರೆ ದಾರಿ ಕಟ್ಟಿಕೊಳ್ಳುತ್ತದೆ. ಆರ್ಮ್ ಪ್ರೊಸೆಸರಿನ ವಿಂಡೋಸ್ ಲ್ಯಾಪ್‌ಟಾಪ್ ಕೊಳ್ಳುವವರು ಇನ್ನೊಂದು ಎಚ್ಚರ ವಹಿಸಬೇಕು. ಹಳೆಯ ತಂತ್ರಾಂಶಗಳನ್ನು ಅದು ಅನುಕರಣೆಯಿಂದ ನಡೆಸಬಹುದು. ಆದರೆ ಪ್ರಿಂಟರು, ಸ್ಕ್ಯಾನರು, ಡಿಜಿಟಲ್ ಸಹಿಯ ಟೋಕನ್ನು ಇವುಗಳ ಡ್ರೈವರ್ ಆರ್ಮ್‌ಗೆಂದೇ ಬರೆದದ್ದಾಗಿರಬೇಕು. ಇಲ್ಲವಾದರೆ ಪ್ರೊಸೆಸರ್ ಎಷ್ಟೇ ವೇಗದ್ದಾದರೂ ಸಹಿ ಬೀಳದು.

ಗುಜರಾತಿನಲ್ಲಿರುವ ನಾವು ಮರೆಯಬಾರದ ಸಂಗತಿ ಸೆಕೆ. 2016ರ ಮೇ 20ರಂದು ಅಹಮದಾಬಾದಿನಲ್ಲಿ ಉಷ್ಣತೆ 48 ಡಿಗ್ರಿ ಮುಟ್ಟಿತ್ತು. ಪ್ರೊಸೆಸರ್ ಸುಮಾರು ನೂರು ಡಿಗ್ರಿಗೆ ಕಾದಾಗ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಕೋಣೆ 25 ಡಿಗ್ರಿಯಿದ್ದರೆ ಶಾಖ ಹರಿದುಹೋಗಲು 75 ಡಿಗ್ರಿಯ ಅಂತರವುಂಟು. 45 ಡಿಗ್ರಿಯಿದ್ದರೆ ಉಳಿಯುವುದು 55 ಮಾತ್ರ. ಅಂದರೆ ತಂಪಾಗುವ ಸಾಮರ್ಥ್ಯದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಖೋತಾ. ಹೆಚ್ಚು ಶಾಖ ಕಾರುವ 45 ವಾಟಿನ ಯಂತ್ರಕ್ಕೆ ಈ ಖೋತಾ ಮೊದಲು ತಟ್ಟುತ್ತದೆ. ಏಸಿಯಿಲ್ಲದ ಕೋಣೆಯಲ್ಲಿ, ಹಾಸಿಗೆಯ ಮೇಲಿಟ್ಟು ನಡೆಸಿದರೆ, ದುಡ್ಡು ಕೊಟ್ಟು ಕೊಂಡ ವೇಗದ ಕೊನೆಯ ಪಾಲು ಮೇ ತಿಂಗಳಲ್ಲಿ ಕಣ್ಣಿಗೇ ಬೀಳದೆ ಹೋಗಬಹುದು. ಮಿತವ್ಯಯದ ಪ್ರೊಸೆಸರಿಗೆ ಕಳೆದುಕೊಳ್ಳಲು ಇರುವುದೇ ಕಡಿಮೆ. ವಿದ್ಯುತ್ ಬಿಲ್ಲಿನ ಲೆಕ್ಕವೂ ಸುಲಭ: ದಿನಕ್ಕೆ ಎಂಟು ಗಂಟೆ, ತಿಂಗಳಿಗೆ ಇಪ್ಪತ್ತೈದು ದಿನ ನಡೆಸಿದರೆ ಹತ್ತು ವಾಟಿನ ಲ್ಯಾಪ್‌ಟಾಪಿಗೆ ಎರಡು ಯೂನಿಟ್ಟು, ನೂರು ವಾಟಿನ ಹಳೆಯ ಮೇಜುಗಣಕಕ್ಕೆ ಇಪ್ಪತ್ತು.

ಈ ವಿಚಾರ ಈಗಲೇ ಏಕೆ ಮುಖ್ಯವೆಂದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್ ಪ್ರೊಸೆಸರ್ ಸ್ಥೂಲವಾಗಿ ಎಂಟನೆಯ ಪೀಳಿಗೆಯದೋ ಆಮೇಲಿನದೋ ಆಗಿರಬೇಕು. ಹೀಗೆ ಎಷ್ಟೋ ಮನೆಗಳ ಸುಸ್ಥಿತಿಯ ಲ್ಯಾಪ್‌ಟಾಪುಗಳು ನಿಧಾನವೆಂಬ ಕಾರಣಕ್ಕಲ್ಲ, ಪಟ್ಟಿಯಲ್ಲಿ ಹೆಸರಿಲ್ಲವೆಂಬ ಕಾರಣಕ್ಕೆ ನಿವೃತ್ತಿಯ ಅಂಚಿಗೆ ಬಂದಿವೆ. ಲಿನಕ್ಸ್ ಹಾಕಿಕೊಂಡರೆ ಇವು ಇನ್ನೂ ಹಲವು ವರ್ಷ ಬಾಳಿಯಾವು. ಹೊಸದನ್ನೇ ಕೊಳ್ಳಹೊರಟವರಿಗೆ ಇನ್ನೊಂದು ಹೊಡೆತ: 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಕೇಂದ್ರಗಳ ಹಸಿವಿನಿಂದ ಮೆಮೊರಿಯ ಬೆಲೆ ಜಿಗಿಯಿತು. ಬೆಲೆಯ ಒತ್ತಡ ಬಿದ್ದಾಗ ತಯಾರಕರು ಮೊದಲು ಕತ್ತರಿಸುವುದು ಗಿರಾಕಿ ಕೇಳದೆ ಇರುವ ವಸ್ತುವನ್ನೇ. ಚೀಟಿಯಲ್ಲಿ ಪ್ರೊಸೆಸರಿನ ಹೆಸರು ಝಗಝಗಿಸುತ್ತಿದ್ದು, ಒಳಗೆ ಮೆಮೊರಿ ಅರೆಹೊಟ್ಟೆಯಲ್ಲಿರುವ ಯಂತ್ರಗಳು ಇನ್ನು ಮುಂದೆ ಹೆಚ್ಚಾಗುವ ಸಂಭವವುಂಟು.

ಆದಕಾರಣ ಅಂಗಡಿಗೆ ಹೋಗುವ ಓದುಗರು ಪ್ರಶ್ನೆಯ ಕ್ರಮವನ್ನೇ ಬದಲಿಸಬೇಕೆಂದು ನಮ್ಮ ಸಲಹೆ. ಮೊದಲ ಪ್ರಶ್ನೆ, ಮೆಮೊರಿ ಎಷ್ಟು, ಮುಂದೆ ಹೆಚ್ಚಿಸಬಹುದೇ ಅಥವಾ ಫಲಕಕ್ಕೆ ಬೆಸೆದಿದೆಯೇ? 8 ಗಿಗಾಬೈಟಿಗಿಂತ ಕಡಿಮೆಯಿದ್ದರೆ ವಿಂಡೋಸಿಗೆಂದು ಕೊಳ್ಳಬೇಡಿ. ಎರಡನೆಯದು, ಸಂಗ್ರಹ ಇಎಂಎಂಸಿಯೋ ಎಸ್‌ಎಸ್‌ಡಿಯೋ? ಎಸ್‌ಎಸ್‌ಡಿಯೇ ಇರಲಿ, 256 ಗಿಗಾಬೈಟಿಗೆ ಕಡಿಮೆ ಬೇಡ. ಮೂರನೆಯದಾಗಿ ಪ್ರೊಸೆಸರಿನ ಪೂರ್ತಿ ಸಂಖ್ಯೆ ಕೇಳಿ, ಅದು ಬಂದ ವರ್ಷವನ್ನು ಮನೆಯಲ್ಲಿ ನೋಡಿಕೊಳ್ಳಿ. ಕೊನೆಯದಾಗಿ, ಸಾಧ್ಯವಿದ್ದರೆ ಅಂಗಡಿಯಲ್ಲೇ ಬ್ರೌಸರಿನಲ್ಲಿ ಹತ್ತು ಪುಟ ತೆರೆದು, ಒಂದು ವಿಡಿಯೋ ಹಚ್ಚಿ, ಪಕ್ಕದಲ್ಲಿ ಕನ್ನಡದ ನಾಲ್ಕು ಸಾಲು ಬರೆದು ನೋಡಿ. ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರ್, ಮೆಮೊರಿ, ಸಂಗ್ರಹ ಈ ಮೂರರಲ್ಲಿ ಯಾವುದು ಮೊದಲು ನೂರು ಮುಟ್ಟುತ್ತದೋ ಅದೇ ನಿಮ್ಮ ಯಂತ್ರದ ನಿಜವಾದ ವೇಗ. ಉಳಿದದ್ದೆಲ್ಲ ಬೆನ್ನುಡಿ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಇಂಥ ಯಂತ್ರಗಳನ್ನು ನೋಡಿಯೇ ಹುಟ್ಟಿತೋ ಏನೋ. ದೊಡ್ಡ ಪ್ರೊಸೆಸರಿಗೆ ಬಡ ಮೆಮೊರಿಯನ್ನು ಕಟ್ಟಿದರೆ ನೊಗ ಮುರಿಯುತ್ತದೆ. ಸಣ್ಣದಕ್ಕೆ ಸಮನಾದ ಜೊತೆ ಕೊಟ್ಟರೆ ಗಾಡಿ ಹದವಾಗಿ ಸಾಗುತ್ತದೆ. ಕಡಿಮೆ ವಿದ್ಯುತ್ತಿನ ಪ್ರೊಸೆಸರ್ ಮನೆವಾರ್ತೆಗೆ, ಶಾಲೆಗೆ, ಸಾಧಾರಣ ಕಚೇರಿ ಕೆಲಸಕ್ಕೆ ಸಾಕು. ಸಾಲದೆ ಬರುವುದು ಅದರ ಸುತ್ತಲಿನ ಜಿಪುಣತನ. ಹೆಚ್ಚಿನ ಹಣವಿದ್ದರೆ ಅದನ್ನು ಪ್ರೊಸೆಸರಿನ ಹೆಸರಿಗೆ ಸುರಿಯದೆ ಮೆಮೊರಿಗೂ ಸಂಗ್ರಹಕ್ಕೂ ಹಾಕಿರಿ. ಅದಕ್ಕೂ ಮೀರಿ ಉಳಿದರೆ ಮಕ್ಕಳಿಗೆ ನಾಲ್ಕು ಕನ್ನಡ ಪುಸ್ತಕ ಕೊಡಿಸಿರಿ. ಅವಕ್ಕೆ ಪ್ರೊಸೆಸರೂ ಬೇಡ, ಚಾರ್ಜರೂ ಬೇಡ.